ಇಪ್ಪತ್ನಾಲ್ಕು ಮುಖ, ಒಂದು ಕಿವಿ

ಸೈಕಲ್ ರಿಪೇರಿ ಅಂಗಡಿಯ ಮೇಲೆ, ಉತ್ತರಕ್ಕೆ ಕಿಟಕಿಯಿದ್ದ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಊರಿನವರ ಮುಖಗಳನ್ನು ಬರೆಯುತ್ತಿದ್ದ ಚಿತ್ರಗಾರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ತದ್ರೂಪಯ್ಯ. ಚಿತ್ರ ಮುಗಿದ ದಿನ ಮನೆಮಂದಿಯೆಲ್ಲ ಮಹಡಿ ಹತ್ತಿ ಬಂದು, ಒಮ್ಮೆ ಚಿತ್ರವನ್ನು ಒಮ್ಮೆ ಮನುಷ್ಯನನ್ನು ನೋಡಿ, "ತದ್ರೂಪ ಕಣಯ್ಯ, ತದ್ರೂಪ" ಎನ್ನುತ್ತಿದ್ದರು. ಅಂದು ಅಂದು ಆ ಮಾತು ಅವನ ಮೈಗೆ ಅಂಟಿಕೊಂಡಿತು. ಅವನೂ ಕೊಡವಿಕೊಳ್ಳಲು ಹೋಗಲಿಲ್ಲ.

ಬೆಳಿಗ್ಗೆ ಕೆಳಗಿನ ಅಂಗಡಿಯಲ್ಲಿ ಗಾಳಿ ಪಂಪು ಮೊದಲ ಸಲ ಉಸ್ಸೆಂದಾಗ ಅವನು ಕಿಟಕಿ ತೆರೆಯುತ್ತಿದ್ದ. ಹಿಂದಿನ ದಿನದ ಕುಂಚಗಳನ್ನು ಹಳೆಯ ಬನಿಯನ್ನಿನ ತುಂಡಿಗೆ ಒರೆಸಿ, ಹಲಗೆಯ ಮೇಲೆ ಬಣ್ಣಗಳನ್ನು ಸಾಲಾಗಿ ಹಿಂಡುತ್ತಿದ್ದ. ಹೆಬ್ಬೆರಳಿನ ಪಕ್ಕ ಬಿಳಿ, ಆಮೇಲೆ ಹಳದಿ, ಕೆಂಪು, ಮಣ್ಣು ಬಣ್ಣ. ನೀಲಿ ಎಲ್ಲಕ್ಕಿಂತ ದೂರ. ನೀಲಿ ಜಗಳಗಂಟಿ, ಪಕ್ಕದಲ್ಲಿ ಕೂರಿಸಿದರೆ ಯಾರನ್ನೂ ನೆಟ್ಟಗೆ ಬಾಳಗೊಡುವುದಿಲ್ಲ ಎನ್ನುತ್ತಿದ್ದ. ಮುಖ ಬರೆಸಿಕೊಳ್ಳುವವರ ಕುರ್ಚಿಯ ನಾಲ್ಕು ಕಾಲಿಗೂ ಮೊಳೆ ಹೊಡೆದು ನೆಲಕ್ಕೆ ಬಿಗಿದಿದ್ದ, ಕೂತವರು ಬೆಳಕು ಬಿಟ್ಟು ಸರಿಯಬಾರದೆಂದು. ಹೀಗಾಗಿ ಅವನ ಚಿತ್ರಗಳಲ್ಲಿ ಊರಿನವರೆಲ್ಲ ತಡವಾದ ಬಸ್ಸಿಗೆ ಕಾಯುವವರಂತೆ ಒಂದೇ ಕಡೆಗೆ ನೋಡುತ್ತಿದ್ದರು. ಎಲ್ಲರದೂ ಎಡಗಿವಿಯೇ ಕಾಣುತ್ತಿತ್ತು.

ತೊಂದರೆ ಇದ್ದದ್ದು ಆ ಕಿವಿಯಲ್ಲಿ. ತದ್ರೂಪಯ್ಯನಿಗೆ ಕಿವಿ ಬರೆಯಲು ಬರುತ್ತಿರಲಿಲ್ಲ.

ಕಣ್ಣು ಕೇಳಿ, ಬರೆಯುತ್ತಿದ್ದ. ಮೂಗು ಕೇಳಿ, ನೆಗಡಿಯಾಗಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ ಬರೆಯುತ್ತಿದ್ದ. ಆದರೆ ಕಿವಿಗೆ ಬಂದರೆ ಕೈ ಮರಗಟ್ಟುತ್ತಿತ್ತು. ಹುಡುಗನಾಗಿದ್ದಾಗ ಚಿತ್ರ ಕಲಿಸಿದ ಗುರುಗಳು, ಅವನು ಬರೆದ ಕಿವಿ ಒಣಗಿದ ಅಣಬೆಯಂತಿದೆ ಎಂದು, ಅವನದೇ ಕಿವಿ ಹಿಂಡಿ ತರಗತಿಗೆಲ್ಲ ತೋರಿಸಿದ್ದರು. ಕಿವಿಯ ನೋವು ಅಂದೇ ಹೋಯಿತು. ಕೈಯ ಭಯ ಉಳಿಯಿತು.

ಮದುವೆಯಾದ ವರ್ಷ ಕಬ್ಬಿಣದಂಗಡಿ ಸಾಹುಕಾರರ ಚಿತ್ರ ಬರೆಯುವಾಗ ಮೊದಲ ಸಲ ಪೇಚಿಗೆ ಸಿಕ್ಕಿಬಿದ್ದ. ಸಾಹುಕಾರರು ಕೂತು, ಎದ್ದು, ಮನೆಗೆ ಹೋಗಿಯೂ ಆಗಿತ್ತು. ಮರುದಿನ ಚಿತ್ರ ಕೊಡಬೇಕು. ಕಿವಿಯ ಜಾಗ ಮಾತ್ರ ಬೋಳು. ಹೆಂಡತಿ ಪತ್ರಿಕೆಯ ಪದಬಂಧ ಹಿಡಿದು ಕಿಟಕಿಯ ಬೆಳಕಿಗೆಂದು ಬಂದು ಅದೇ ಕುರ್ಚಿಯಲ್ಲಿ ಕೂತಳು. ಕೂದಲನ್ನು ಹಿಂದಕ್ಕೆ ಸರಿಸಿದಳು. ತದ್ರೂಪಯ್ಯ ಆ ಕಿವಿಯನ್ನು ನೋಡಿದ. ಅಗಲವೂ ಅಲ್ಲ, ಚಿಕ್ಕದೂ ಅಲ್ಲ. ಮೇಲಿನ ಅಂಚಿನಲ್ಲಿ ಉಗುರಿನಿಂದ ಒತ್ತಿದಂಥ ಸಣ್ಣ ತಗ್ಗು. ಚಿಕ್ಕಂದಿನಲ್ಲಿ ಬೊಂಬೆಯೊಂದರ ಜಗಳದಲ್ಲಿ ಅವಳ ತಂಗಿ ಕಚ್ಚಿದ ಗುರುತು ಅದು. ಅವನ ಕೈ ತಾನಾಗಿ ಎದ್ದು, ಅವಳು ಪದಬಂಧದ ಮೂರು ಸಾಲು ತುಂಬುವಷ್ಟರಲ್ಲಿ ಸಾಹುಕಾರರಿಗೊಂದು ಕಿವಿ ಇಟ್ಟುಬಿಟ್ಟಿತು. ಓಲೆಯ ತೂತೊಂದನ್ನು ಬಿಟ್ಟಿದ್ದಷ್ಟೇ ಅವನು ಮಾಡಿದ ತಿದ್ದುಪಡಿ.

"ಏನ್ರೀ, ನನ್ನನ್ನೇ ಹಾಗೆ ನೋಡ್ತಿದೀರಿ?" ಎಂದಳು ಹೆಂಡತಿ.

"ನಿನ್ನ ಚಿತ್ರ ಬರೀಬೇಕಲ್ಲ, ಅಭ್ಯಾಸ ಮಾಡ್ಕೋತಿದೀನಿ."

"ಯಾವಾಗ ಬರೀತೀರಿ?"

"ನಾಳೆ."

ಆ ನಾಳೆಗೆ ಈಗ ಮೂವತ್ತು ವರ್ಷ. ಅಂದಿನಿಂದ ಪ್ರತಿ ಚಿತ್ರದ ಕೊನೆಯಲ್ಲೂ ಅವನು ಅವಳನ್ನು ಕರೆದು ಕೂರಿಸುತ್ತಿದ್ದ. ಪ್ರತಿ ಸಲವೂ ಅಭ್ಯಾಸ ಎಂದೇ ಹೇಳುತ್ತಿದ್ದ. ಚಿತ್ರ ನಿಲ್ಲಿಸುವ ಈಸೆಲ್ಲಿನ ಮುಂಭಾಗ ಅವಳಿಗೆ ಕಾಣುತ್ತಿರಲಿಲ್ಲ. ಅರ್ಧ ಬರೆದ ಚಿತ್ರ ನೋಡಿದರೆ ಕೆಡುತ್ತದೆ ಎಂದು ಮೊದಲೇ ಒಂದು ನಿಯಮ ಮಾಡಿಟ್ಟಿದ್ದ. ಅವಳು ಪದಬಂಧ ತುಂಬುತ್ತ ಕೂರುತ್ತಿದ್ದಳು. ನೆಂಟರು ಬಂದರೆ, "ನಂದೂ ಒಂದು ಬರೀತಾರೆ. ಎಲ್ಲರ ಥರ ಅಲ್ಲ ನಂದು, ತುಂಬಾ ಅಭ್ಯಾಸ ಬೇಕಂತೆ" ಎಂದು ಹೇಳಿಕೊಳ್ಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ತದ್ರೂಪಯ್ಯ ಕುಂಚ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದ.

ಊರಲ್ಲಿ ಚಿತ್ರಗಳು ಒಂದೊಂದು ಮನೆಯಲ್ಲಿ ಒಂದೊಂದಾಗಿ ತೂಗುತ್ತಿದ್ದವು. ಒಂದು ಕಿವಿ ಇನ್ನೊಂದನ್ನು ನೋಡುವ ಸಂದರ್ಭವೇ ಇರಲಿಲ್ಲ.

ಆ ಸಂದರ್ಭ ತಂದವಳು ನಾದಿನಿ. ಬೊಂಬೆಯ ಜಗಳದಲ್ಲಿ ಕಚ್ಚಿದವಳು ಅವಳೇ. ಈಗ ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಮೊಳೆ ಹೊಡೆದ ಕುರ್ಚಿಯಲ್ಲಿ ಕೂತು, "ಭಾವ, ನಿಮಗೊಂದು ಶುಭಸುದ್ದಿ" ಎಂದಳು.

"ನೀನು ಹಾಗಂದಾಗಲೆಲ್ಲ ನನಗೆ ಜ್ವರ ಬರುತ್ತೆ."

"ಈ ಸಲ ಬರಲ್ಲ. ನಮ್ಮ ಓದುವ ಹಾಲ್‌ನಲ್ಲಿ ನಿಮ್ಮ ಚಿತ್ರಗಳ ಪ್ರದರ್ಶನ. ಮನೆಮನೆಯಿಂದ ಇಪ್ಪತ್ನಾಲ್ಕು ಆರಿಸಿದೀನಿ, ಎಲ್ಲರೂ ಕೊಡೋದಕ್ಕೆ ಒಪ್ಪಿದಾರೆ. ಒಂದೇ ಗೋಡೆ ಮೇಲೆ, ಒಂದರ ಪಕ್ಕ ಒಂದು. ಹೇಗಿರುತ್ತೆ ಊಹಿಸ್ಕೊಳ್ಳಿ."

ತದ್ರೂಪಯ್ಯ ಊಹಿಸಿಕೊಂಡ.

"ಬೇಡಮ್ಮ, ನಾನು ಅಂಥ ದೊಡ್ಡ ಮನುಷ್ಯನೇನಲ್ಲ."

"ನೋಡಕ್ಕಾ ವಿನಯ," ಎಂದಳು ನಾದಿನಿ ಒಳಗಿನ ಅಡುಗೆಮನೆಯ ಕಡೆಗೆ.

"ಅದು ವಿನಯ ಅಲ್ಲ ಕಣೇ, ಸೋಮಾರಿತನ," ಎಂದು ಒಳಗಿನಿಂದ ಹೆಂಡತಿಯ ಧ್ವನಿ. "ನನ್ನ ಚಿತ್ರ ಮೊದಲೇ ಮುಗಿಸಿದ್ದಿದ್ರೆ ಇಪ್ಪತ್ತೈದಾಗ್ತಿತ್ತು."

ಅವನ ಭಯಕ್ಕೆ ಎರಡು ಅಂತಸ್ತು ಇತ್ತು. ಮೇಲಿನದು ಹೆಸರಿನದು: ತದ್ರೂಪಯ್ಯನ ತದ್ರೂಪ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ ಎಂದು ಊರಿಗೆ ಗೊತ್ತಾಗಿಬಿಡುತ್ತದೆ. ಅದನ್ನು ಹೇಗೋ ನುಂಗಿಕೊಳ್ಳಬಹುದು. ಕೆಳಗಿನದು ಹೆಂಡತಿಯದು. ಮೂವತ್ತು ವರ್ಷ ತನಗಾಗಿ ಎಂದುಕೊಂಡು ಕೂತವಳು, ಗಂಡ ತನ್ನ ಕಿವಿಯನ್ನು ಊರಿಗೆಲ್ಲ ಹಂಚಿ ತನಗೆ ಮಾತ್ರ ನಾಳೆ ಎನ್ನುತ್ತ ಬಂದಿದ್ದಾನೆ ಎಂದು ಗೋಡೆಯ ಮೇಲೆ ಓದಿಕೊಂಡರೆ, ಆ ಮುಖವನ್ನು ಅವನು ಹೇಗೆ ನೋಡುವುದು.

ಚಿತ್ರಗಳನ್ನು ತೂಗುಹಾಕಿ ಪ್ರದರ್ಶನ ತೆರೆಯಲು ಒಂಬತ್ತು ದಿನವಿತ್ತು. ಕಿವಿಗಳನ್ನು ಬದಲಾಯಿಸಿಬಿಡಬೇಕು ಎಂದು ಅವನು ತೀರ್ಮಾನಿಸಿದ. ಅದಕ್ಕೆ ಮೊದಲು ಬೇರೆ ಕಿವಿಗಳನ್ನು ನೋಡಬೇಕು. ಕಿವಿ ಧಾರಾಳವಾಗಿ ಸಿಗುವುದು ಕ್ಷೌರದಂಗಡಿಯಲ್ಲಿ.

ಮೂರು ದಿನ ಬೆಳಿಗ್ಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಪತ್ರಿಕೆಯನ್ನು ಅಡ್ಡ ಹಿಡಿದು, ಕುರ್ಚಿಯಲ್ಲಿ ಕೂತವರ ಎಡಗಿವಿಗಳನ್ನು ಕದ್ದು ನೋಡಿದ. ತನ್ನ ಸರದಿ ಬಂದಾಗಲೆಲ್ಲ, "ನೀವು ಕೂತ್ಕೊಳ್ಳಿ, ನನಗೇನು ಅವಸರ" ಎಂದು ಹಿಂದಿನವರನ್ನು ಮುಂದೆ ಬಿಟ್ಟ. ಮೂರನೆಯ ದಿನ ಅಂಗಡಿ ಖಾಲಿಯಾದಾಗ ಕ್ಷೌರಿಕ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ಕೇಳಿದ:

"ಯಜಮಾನರೇ, ಪತ್ರಿಕೆ ತಲೆಕೆಳಗಾಗಿದೆ. ಕಿವಿ ನೋಡೋಕೆ ಬಂದಿದ್ರೆ ನೇರವಾಗಿ ನೋಡಿ."

ತದ್ರೂಪಯ್ಯನ ಕೈ ತನ್ನ ಕಿವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ.

"ಯಾವ ಕಿವಿ?"

ಕ್ಷೌರಿಕ ಕನ್ನಡಿಯ ಎದುರಿನ ಗೋಡೆಗೆ ಕೈ ತೋರಿಸಿದ. ಅಲ್ಲಿ ತದ್ರೂಪಯ್ಯ ಹನ್ನೆರಡು ವರ್ಷದ ಹಿಂದೆ ಬರೆದುಕೊಟ್ಟ ಕ್ಷೌರಿಕನ ಚಿತ್ರವಿತ್ತು. "ದಿನವಿಡೀ ಈ ಕಡೆ ಕನ್ನಡೀಲಿ ನನ್ನ ಕಿವಿ ನೋಡ್ತೀನಿ, ಆ ಕಡೆ ಚಿತ್ರದಲ್ಲಿ ನೋಡ್ತೀನಿ. ಅದು ನಂದಲ್ಲ ಅಂತ ನನಗೆ ಮೊದಲನೇ ದಿನಾನೇ ಗೊತ್ತು. ನಾನು ಜನರನ್ನ ಗುರುತು ಹಿಡಿಯೋದೇ ಕಿವೀಲಿ. ಪೋಸ್ಟ್ ಮಾಸ್ತರರ ಮನೇಲಿರೋದೂ ಅದೇ ಕಿವಿ. ಡಾಕ್ಟರಮ್ಮನದೂ ಅದೇ."

"ಹನ್ನೆರಡು ವರ್ಷ ಬಾಯಿ ಬಿಡ್ಲಿಲ್ವಲ್ಲಯ್ಯ ನೀನು."

"ಯಾಕೆ ಬಿಡ್ಲಿ? ನನ್ನ ಕಿವಿ ನೋಡಿ, ಹೂಕೋಸು. ಚಿತ್ರದಲ್ಲಿರೋದು ಚೆನ್ನಾಗಿದೆ. ಬಿಟ್ಟಿ ಸಿಕ್ಕಿದ್ದನ್ನ ಯಾರಾದ್ರೂ ವಾಪಸು ಕೊಡ್ತಾರಾ?" ಕ್ಷೌರಿಕ ಬಾಚಣಿಗೆ ಒರೆಸುತ್ತ ಗಂಭೀರವಾದ. "ಒಂದು ಮಾತು ಹೇಳ್ತೀನಿ, ಮುಟ್ಟಬೇಡಿ. ಮನುಷ್ಯನಿಗೆ ತನ್ನ ಮುಖ ಹೇಗಿದ್ರೂ ಸರಿ, ಚಿತ್ರ ಮಾತ್ರ ಒಂದು ಕೂದಲಷ್ಟು ಚೆನ್ನಾಗಿರಬೇಕು. ನಾನು ಇಷ್ಟು ವರ್ಷ ತಿಂದ ಅನ್ನ ಆ ಒಂದು ಕೂದಲಿಂದು."

ತದ್ರೂಪಯ್ಯ ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

ಪೋಸ್ಟ್ ಮಾಸ್ತರರ ಚಿತ್ರ ಬಾಗಿಲ ಪಕ್ಕದಲ್ಲೇ ಮೊದಲನೆಯದಾಗಿ ಬರುತ್ತದೆ ಎಂದು ನಾದಿನಿ ಹೇಳಿದ್ದಳು. ಅಲ್ಲಿಂದಲೇ ಶುರುಮಾಡೋಣ ಎಂದು ಅವನು ಅಂಚೆ ಕಚೇರಿಗೆ ಹೋಗಿ ಸ್ಟ್ಯಾಂಪು ಕೊಂಡ. ಮರುದಿನವೂ ಕೊಂಡ. ಅದರ ಮರುದಿನ ಎರಡು ಸಲ. ಕಿಟಕಿಯ ಆಚೆ ಪೋಸ್ಟ್ ಮಾಸ್ತರರು ತಲೆ ತಗ್ಗಿಸಿ ಡ್ರಾಯರಿನಲ್ಲಿ ಹುಡುಕುವಾಗ ಎಡಗಿವಿ ಪೂರ್ತಿ ಕಾಣುತ್ತಿತ್ತು. ಇಂಥ ಕಿವಿಯನ್ನು ಹನ್ನೊಂದು ವರ್ಷದ ಹಿಂದೆ ಎದುರಿಗೇ ಕೂರಿಸಿಕೊಂಡೂ ನೋಡಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ದೊಡ್ಡದು, ಕೆಂಪಗಿನದು, ಹಾಲೆ ಹೊಟ್ಟೆ ತುಂಬ ಉಂಡವನಂತೆ ಕೆಳಗೆ ಜೋತಿತ್ತು, ಒಳಗಿನಿಂದ ನಾಲ್ಕು ಬಿಳಿ ಕೂದಲು ಹೊರಗೆ ಇಣುಕಿ ಹವೆ ಹೇಗಿದೆ ಎಂದು ನೋಡುತ್ತಿದ್ದವು.

"ಏನು ಸ್ವಾಮಿ, ಯಾರಿಗೆ ಇಷ್ಟೊಂದು ಪತ್ರ?" ಎಂದರು ಪೋಸ್ಟ್ ಮಾಸ್ತರರು.

"ಹಳೇ ಸ್ನೇಹಿತರಿಗೆ."

"ನಾನಿಲ್ಲಿ ಕೂತು ಇಪ್ಪತ್ತು ವರ್ಷ ಆಯ್ತು, ನಿಮಗೊಂದು ಪತ್ರ ಬಂದದ್ದು ನೋಡಿಲ್ಲ."

"ಅದಕ್ಕೇ ಬರೀತಿದೀನಿ," ಎಂದು ತದ್ರೂಪಯ್ಯ ಜಾರಿಕೊಂಡ.

ಪ್ರದರ್ಶನದ ಹಿಂದಿನ ದಿನ ಗ್ರಂಥಾಲಯ ಊಟಕ್ಕೆಂದು ಮುಚ್ಚುವ ಹೊತ್ತಿಗೆ ಅವನು ಒಂದು ಸಣ್ಣ ಪೆಟ್ಟಿಗೆ ಹಿಡಿದು ಬಂದ.

"ವಾರ್ನಿಷ್ ಹಚ್ಚಬೇಕು," ಎಂದ.

"ಹಚ್ಚಿ. ಎರಡು ಗಂಟೆಗೆ ಬರ್ತೀನಿ. ಪುಸ್ತಕದ ಮೇಲೆ ಚೆಲ್ಲಿದ್ರೆ ಅಕ್ಕನಿಗೆ ಹೇಳ್ತೀನಿ," ಎಂದು ನಾದಿನಿ ಬೀಗದ ಕೈ ಕೊಟ್ಟು ಹೋದಳು.

ಒಬ್ಬನೇ ಉಳಿದಾಗ ಅವನು ಗೋಡೆಯನ್ನು ನೋಡಿದ. ಇಪ್ಪತ್ನಾಲ್ಕು ಮಂದಿ ಒಂದೇ ದಿಕ್ಕಿಗೆ ತಿರುಗಿ, ಇಪ್ಪತ್ನಾಲ್ಕು ಸಲ ಅವನ ಹೆಂಡತಿಯ ಕಿವಿಯಿಂದ ಅವನ ಮಾತಿಗೆ ಕಾಯುತ್ತಿದ್ದರು. ಬೇಗ ಬೇಗ ಪೆಟ್ಟಿಗೆ ತೆರೆದ. ಎಲ್ಲವನ್ನೂ ತಿದ್ದಬೇಕೆಂಬ ಹಟದಲ್ಲಿ ಕೂತವನು ಮೊದಲನೆಯದರಲ್ಲೇ ಮುಳುಗಿಹೋದ. ಹಾಲೆಯ ಕೆಂಪು, ಒಳಗಿನ ಸುರುಳಿಯ ನೆರಳು, ನಾಲ್ಕು ಬಿಳಿ ಕೂದಲು. ಕೈ ಮರಗಟ್ಟಲಿಲ್ಲ. ಹುಡುಗನಾಗಿದ್ದಾಗಿನಿಂದ ಒಂದು ಕಿವಿಯನ್ನು ಅದರ ಯಜಮಾನನದೇ ಎಂದು ನೋಡಿ ಬರೆದದ್ದು ಅದೇ ಮೊದಲು. ಮುಗಿಸಿ ಹಿಂದೆ ಸರಿದು ನೋಡಿದ. ಅದು ಕೇಳಿಸಿಕೊಳ್ಳುವಂತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಾದಿನಿಯ ಚಪ್ಪಲಿಯ ಸದ್ದಾಯಿತು. ಉಳಿದ ಇಪ್ಪತ್ಮೂರು ಹಾಗೇ ಉಳಿದವು.

ಎಣ್ಣೆ ಬಣ್ಣ ಒಣಗಲು ನಾಲ್ಕು ದಿನ ಬೇಕು ಎಂಬುದು ಈ ಕಸುಬಿನಲ್ಲಿ ಕಾಲಿಟ್ಟ ಮೊದಲ ವಾರ ಕಲಿಯುವ ಪಾಠ. ಸಂತೋಷದಲ್ಲಿ ಅವನಿಗೆ ಅದು ಮರೆತೇಹೋಗಿತ್ತು.

ಮರುದಿನ ಹತ್ತು ಗಂಟೆಗೆ ಓದುವ ಹಾಲ್ ತುಂಬಿತು. ಚಿತ್ರದವರೆಲ್ಲ ತಮ್ಮ ತಮ್ಮ ಚಿತ್ರದ ಕೆಳಗೆ ನಿಂತು, ಬಂದವರು ಹೋಲಿಸಿ ನೋಡಲು ಅನುಕೂಲವಾಗಲೆಂದು ಎಡಗಿವಿ ಕಾಣುವಂತೆ ತಿರುಗಿಕೊಂಡಿದ್ದರು. "ತದ್ರೂಪ, ತದ್ರೂಪ" ಎಂಬ ಗುಜುಗುಜು. ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ, ಕನ್ನಡಕ ಹಾಕಿಕೊಂಡು ಬಂದಿದ್ದಳು. ಇವತ್ತೇ ಆ ಕೂದಲನ್ನು ಹಾಗೆ ಬಾಚಬೇಕಿತ್ತೇ ಎಂದುಕೊಂಡ ತದ್ರೂಪಯ್ಯ.

ಪೋಸ್ಟ್ ಮಾಸ್ತರರು ತಮ್ಮ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹತ್ತಿರ ಹೋದರು. ದೂರ ಬಂದರು.

"ಇದು ನನ್ನ ಕಿವಿ ಅಲ್ಲ," ಎಂದರು.

"ನಿಮ್ಮದೇ," ಎಂದ ಕ್ಷೌರಿಕ ಹಿಂದಿನಿಂದ, ಕತ್ತರಿಯಷ್ಟೇ ಚೂಪಾಗಿ.

"ಅಲ್ಲಯ್ಯ, ಹನ್ನೊಂದು ವರ್ಷದಿಂದ ಮನೇಲಿ ನೋಡ್ತಿದೀನಿ. ನನ್ನ ಕಿವಿ ಚಂದಕ್ಕಿತ್ತು. ಇದ್ಯಾವುದೋ ಹಳೇ ಚಪ್ಪಲಿ ಥರ ಇದೆ." ಅವರು ಬೆರಳಿಟ್ಟು ಹಾಲೆಯನ್ನು ಮುಟ್ಟಿದರು. ಬೆರಳಿಗೆ ಗುಲಾಬಿ ಬಣ್ಣ ಹತ್ತಿತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಹಸಿ ಇದೆ. ಯಾರೋ ನನ್ನ ಕಿವಿ ಬದಲಾಯಿಸಿದಾರೆ. ನೋಡಿ, ಈ ಪಕ್ಕದಲ್ಲಿ ಸಾಹುಕಾರರದಿದೆಯಲ್ಲ, ಹಾಗೇ ಇತ್ತು ನಂದು. ಆ ಡಾಕ್ಟರಮ್ಮನದು ಇದೆಯಲ್ಲ, ಹಾಗೇ."

ಜನರ ಕಣ್ಣು ಸಾಹುಕಾರರ ಕಿವಿಗೆ ಹೋಯಿತು. ಅಲ್ಲಿಂದ ಡಾಕ್ಟರಮ್ಮನ ಕಿವಿಗೆ. ಅಲ್ಲಿಂದ ಕ್ಷೌರಿಕನದಕ್ಕೆ. ಗೋಡೆಯುದ್ದಕ್ಕೂ ಕಣ್ಣುಗಳು ಸರಿಯುತ್ತ ಹೋದಂತೆ ಹಾಲ್‌ನ ಸದ್ದು ಕಡಿಮೆಯಾಗುತ್ತ ಬಂತು. ಮೂರು ದಿನ ಏಣಿ ಹತ್ತಿ ತೂಗುಹಾಕಿದ್ದ ನಾದಿನಿ ಅಷ್ಟು ದಿನವೂ ನೋಡಿದ್ದು ಮೊಳೆಯನ್ನು, ದಾರವನ್ನು. ಈಗ ಮುಂದೆ ಬಂದು ಸಾಹುಕಾರರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಕಿವಿಯ ಮೇಲಂಚಿನ ತಗ್ಗನ್ನು ನೋಡಿದಳು.

"ಅಕ್ಕಾ," ಎಂದಳು, ತಿರುಗದೆ. "ಈ ಸಾಹುಕಾರರ ಕಿವೀನ ನಾನು ಯಾವಾಗ ಕಚ್ಚಿದೆ?"

ನಗು ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ, ಎದ್ದಾಗ ಮಾತ್ರ ಕಿಟಕಿಯ ಗಾಜು ನಡುಗಿತು. ಸಾಹುಕಾರರು ತಮ್ಮ ಎರಡೂ ಕಿವಿ ಹಿಡಿದುಕೊಂಡು ನಕ್ಕರು. "ಇರಲಿ ಬಿಡಿ ಸ್ವಾಮಿ, ಮೂವತ್ತು ವರ್ಷ ಆಯ್ತು, ಈಗ ಇದು ನಂದೇ" ಎಂದರು. ಡಾಕ್ಟರಮ್ಮ ತನ್ನದನ್ನೂ ಮುಟ್ಟಬಾರದೆಂದು ಅಲ್ಲೇ ಎಚ್ಚರಿಸಿದರು. ಕ್ಷೌರಿಕ ನಾನು ಹೇಳಿದ್ದೆ, ನಾನು ಹೇಳಿದ್ದೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ತದ್ರೂಪಯ್ಯ ಯಾರನ್ನೂ ನೋಡುತ್ತಿರಲಿಲ್ಲ. ಹೆಂಡತಿಯ ಕೈ ತನ್ನ ಎಡಗಿವಿಗೆ ಹೋಗಿದ್ದನ್ನು ನೋಡಿದ. ಆ ಕೈಯನ್ನು ಕಿವಿಯಲ್ಲೇ ಇಟ್ಟುಕೊಂಡು ಅವಳು ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಒಂದೊಂದು ಚಿತ್ರದ ಮುಂದೆಯೂ ನಿಂತು ಬಂದಳು. ನಗಲಿಲ್ಲ. ಕೊನೆಗೆ ಪೋಸ್ಟ್ ಮಾಸ್ತರರ ಮುಂದೆ ಬಂದು ನಿಂತಳು.

"ನನ್ನ ಹಳೇ ಕಿವಿ ನನಗೆ ಬೇಕಮ್ಮ," ಎಂದರು ಅವರು, ಬೆರಳಿನ ಬಣ್ಣ ಎಲ್ಲಿ ಒರೆಸುವುದೆಂದು ತಿಳಿಯದೆ.

"ಕೊಡೋದಿಲ್ಲ," ಎಂದಳು ಅವಳು. "ಇಷ್ಟು ಕಿವಿಗಳಲ್ಲಿ ಒಂದಾದ್ರೂ ನನಗೆ ವಾಪಸು ಬಂತಲ್ಲ."

ಮನೆಗೆ ನಡೆಯುವಾಗ ಅವಳು ಎರಡು ಹೆಜ್ಜೆ ಮುಂದಿದ್ದಳು. ಬೇಕರಿ ದಾಟಿತು, ಅಂಚೆ ಕಚೇರಿ ದಾಟಿತು. ಸೈಕಲ್ ಅಂಗಡಿಯ ಹತ್ತಿರ ಬಂದಾಗ ಬಾಯಿ ಬಿಟ್ಟಳು.

"ಅಲ್ಲಿ ಇಪ್ಪತ್ಮೂರು. ಊರಲ್ಲೆಲ್ಲ ಎಷ್ಟಿದೆ?"

"ಸುಮಾರು ನೂರೆಂಬತ್ತು."

"ಸುಮಾರು?"

"ನೂರೆಂಬತ್ತಾರು."

"ಅಭ್ಯಾಸ ಅಂದಿದ್ರಿ."

"ಅಭ್ಯಾಸಾನೇ."

"ಮೂವತ್ತು ವರ್ಷ?"

"ಕಷ್ಟದ ಕಿವಿ ಕಣೇ."

ಅವಳ ಬೆನ್ನು ಒಮ್ಮೆ ಅಲುಗಿತು. ನಕ್ಕಳೋ ಬಿಕ್ಕಿದಳೋ ಹಿಂದಿನಿಂದ ಹೇಳುವಂತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ತಿರುಗಿದಾಗ ಎರಡರ ಗುರುತೂ ಇರಲಿಲ್ಲ.

"ನಿಜ ಹೇಳಿ. ನನ್ನ ಮುಖ ಯಾಕೆ ಬರೀಲಿಲ್ಲ?"

ಸುಳ್ಳುಗಳೆಲ್ಲ ಖರ್ಚಾಗಿಹೋಗಿದ್ದರಿಂದ ಅವನ ಹತ್ತಿರ ನಿಜವೊಂದೇ ಉಳಿದಿತ್ತು. "ಬೇರೆಯವರದು ಒಂದು ಕೂದಲು ತಪ್ಪಿದ್ರೂ ಚಿತ್ರ ಅವರ ಮನೆಗೆ ಹೋಗುತ್ತೆ. ನಿಂದು ತಪ್ಪಿದ್ರೆ ನಮ್ಮನೇಲೇ ಇರುತ್ತೆ. ದಿನಾ ಬೆಳಿಗ್ಗೆ ಎದ್ದು ನಿನ್ನನ್ನೂ ಅದನ್ನೂ ಎರಡನ್ನೂ ನೋಡ್ಬೇಕು. ನನಗೆ ಧೈರ್ಯ ಬರ್ಲಿಲ್ಲ."

ಅವಳು ಮೇಲೆ ಹತ್ತಿ ಹೋದಳು. ಆ ದಿನವಿಡೀ ಅವನಿಗೆ ಊಟ ಬಂತು, ಚಹಾ ಬಂತು, ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನ ಪಂಪಿಗಿಂತ ಮೊದಲೇ ಸುತ್ತಿಗೆಯ ಸದ್ದು ಕೇಳಿ ಅವನು ಎದ್ದು ಬಂದ. ಹೆಂಡತಿ ಕುರ್ಚಿಯ ಕಾಲಿನ ಕೊನೆಯ ಮೊಳೆಯನ್ನು ಕೀಳುತ್ತಿದ್ದಳು. ಕಿತ್ತು, ಕುರ್ಚಿಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿ, ಪತ್ರಿಕೆ ಹಿಡಿದು ಕೂತಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಕೋಣೆಯ ಕುರ್ಚಿಯಲ್ಲಿ ಕೂತವರ ಬಲಗಿವಿ ಕಂಡಿತು.

"ಬೆಳಕು ಈ ಕಡೆಯಿಂದ ಬರುತ್ತಲ್ಲೇ," ಎಂದ ತದ್ರೂಪಯ್ಯ.

"ಸುತ್ತಿಕೊಂಡು ಬರಲಿ. ಈ ಕಿವಿ ಇನ್ನೂ ಯಾರಿಗೂ ಕೊಟ್ಟಿಲ್ಲ."

ಅವನು ಹೊಸ ಕ್ಯಾನ್ವಾಸ್ ಏರಿಸಿದ. ಬಣ್ಣಗಳನ್ನು ಸಾಲಾಗಿ ಹಿಂಡುವಾಗ ಕೈ ತಪ್ಪಿ ನೀಲಿ ಬಿಳಿಯ ಪಕ್ಕದಲ್ಲೇ ಬಿತ್ತು, ತೆಗೆಯಲು ಹೋಗಲಿಲ್ಲ. ಈ ಕಿವಿಯಲ್ಲಿ ತಗ್ಗಿರಲಿಲ್ಲ. ಹಾಲೆಯ ಹಿಂದೆ, ಕತ್ತಿನ ಹತ್ತಿರ, ಒಂದು ಎಳ್ಳಿನಷ್ಟು ಮಚ್ಚೆ ಇತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವನು ಅದನ್ನು ನೋಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಪದಬಂಧ ಮಡಚಿಟ್ಟು ಎದ್ದು, ಹಳೆಯ ನಿಯಮ ಮುರಿದು ಈಸೆಲ್ಲಿನ ಮುಂದೆ ಬಂದು ನಿಂತಳು. ಬಿಳಿ ಕ್ಯಾನ್ವಾಸಿನ ನಡುವೆ ಒಂದು ಕಿವಿ, ಅದರ ಹಿಂದೆ ಒಂದು ಮಚ್ಚೆ. ಬೇರೇನಿಲ್ಲ.

"ಮುಖ ಎಲ್ಲಿ?"

"ಮುಖ ನಾ..." ಎಂದು ಶುರುಮಾಡಿ ಅವನು ಅಲ್ಲಿಗೇ ನಿಲ್ಲಿಸಿದ.

ಅವಳು ಅಡುಗೆಮನೆಯ ಬಾಗಿಲು ಎಳೆದು, ಬೀಗ ಹಾಕಿ, ಬೀಗದ ಕೈ ಹಿಡಿದು ಬಂದು ಮತ್ತೆ ಕುರ್ಚಿಯಲ್ಲಿ ಕೂತಳು. ಬಲಗಡೆಯ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಮೂಗಿನವರೆಗೆ ಬನ್ನಿ," ಎಂದಳು. "ಆಮೇಲೆ ಊಟ."